ಅಕ್ಕನ ಕೈತುತ್ತು

ಮುದ್ದೆ ಕಟ್ಟಿದ ಕೂಡಲೇ ಅಕ್ಕ ಒಂದು ಚೂರು ಮುರಿದು, ಆರಲೆಂದು ಒರಳುಕಲ್ಲಿನ ಮೇಲೆ ಇಡುತ್ತಿದ್ದಳು. ಅದು ನಮ್ಮ ಹೆಣ್ಣುನಾಯಿಯ ಪಾಲು. ಆಮೇಲೆ ಅದನ್ನು ಊದಿ ಊದಿ ಅಂಗೈಯಲ್ಲೇ ತಿನ್ನಿಸುವಳು. ಜ್ವರ ಬಂದು ನಾನು ಊಟ ಬೇಡವೆಂದರೂ ಬಿಡುತ್ತಿರಲಿಲ್ಲ. “ನನ್ ಕೈಲಿ ತಿನ್ಲಾ, ಏನೂ ಆಗಾಕಿಲ್ಲ” ಎನ್ನುವಳು.

ನಾಯಿ ಬೆದೆಗೆ ಬಂದಾಗ ಊರಿನ ಗಂಡುನಾಯಿಗಳೆಲ್ಲ ನಮ್ಮ ಅಂಗಳದಲ್ಲಿ ಕಚ್ಚಾಡುತ್ತಿದ್ದವು. ಹೊಸೂರಿನ ಫ್ಯಾಕ್ಟರಿಯಲ್ಲಿ ನೈಟ್ ಶಿಫ್ಟ್ ಮುಗಿಸಿ ಬಂದ ನನಗೆ ಹಗಲು ನಿದ್ದೆಯಿಲ್ಲ. ಹೆಂಗಸರು ಬಸುರಾಗದಂತೆ ನುಂಗುವ ಮಾತ್ರೆ ಕೊಟ್ಟರೆ ಬೆದೆ ನಿಲ್ಲುತ್ತದೆ ಎಂದು ಜೊತೆಯವನೊಬ್ಬ ಹೇಳಿದ. ಅಕ್ಕ ನೀರಿಗೆ ಹೋದಾಗಲೆಲ್ಲ ಒರಳಿನ ಮೇಲಿನ ಚೂರಿನೊಳಗೆ ಮಾತ್ರೆ ಒತ್ತಿಡುತ್ತಿದ್ದೆ. ತಿನ್ನಿಸಿದವಳು ಅವಳೇ.

ಕೆಲವು ವಾರಗಳಲ್ಲಿ ನಾಯಿ ಊಟ ಬಿಟ್ಟು ಬರೀ ನೀರು ಕುಡಿಯತೊಡಗಿತು. ಹೊಟ್ಟೆ ಊದಿತು. ಆಟೋದಲ್ಲಿ ಆಸ್ಪತ್ರೆಗೆ ಒಯ್ದೆವು.

“ಗರ್ಭಕೋಶದ ತುಂಬ ಕೀವಮ್ಮಾ. ಬೆದೆ ನಿಲ್ಸೋಕೆ ಮಾತ್ರೆ ಏನಾದ್ರೂ ಕೊಟ್ರಾ?” ಎಂದು ಡಾಕ್ಟರು ಕೇಳಿದರು.

“ಅಂಥೋರು ನಮ್ಮನೇಲಿ ಯಾರೂ ಇಲ್ಲ ಸಾರ್” ಎಂದಳು ಅಕ್ಕ. ಪಕ್ಕದಲ್ಲೇ ನಿಂತಿದ್ದ ನಾನು ನಾಯಿಯ ಕಿವಿ ಸವರುತ್ತಿದ್ದೆ.

ಆಪರೇಷನ್ ಮಾಡಿ ಗರ್ಭಕೋಶ ತೆಗೆದರು. ಅಷ್ಟರಲ್ಲಿ ತಡವಾಗಿತ್ತು, ನಾಯಿ ಉಳಿಯಲಿಲ್ಲ.

ಆಮೇಲೆ ಬದುಕಿದ್ದಷ್ಟು ಕಾಲ ಅಕ್ಕ ಯಾರಿಗೂ ಕೈತುತ್ತು ಕೊಡಲಿಲ್ಲ. ನನ್ನ ಮಗಳು ಬಾಯಿ ತೆರೆದು ಮುಂದೆ ಕೂತರೂ ತಟ್ಟೆಯನ್ನು ನನ್ನತ್ತ ಸರಿಸಿ, “ನೀನೇ ತಿನ್ಸ್ಲಾ, ನನ್ ಕೈ ಒಳ್ಳೇದಲ್ಲ” ಎನ್ನುತ್ತಿದ್ದಳು.

ನಾನು ತಟ್ಟೆ ತೆಗೆದುಕೊಳ್ಳುತ್ತಿದ್ದೆ.