ಮೂಲೆಯ ಕುರ್ಚಿಯ ಅಳತೆ

ದೇಶದೇಶದ ರಾಯಭಾರಿಗಳು ಬಂದು ಮಾತುಕತೆಗೆ ಕೂರುವ ಆ ದೊಡ್ಡ ಸಭಾಂಗಣದಲ್ಲಿ ಕುರ್ಚಿ ಹಾಕುವ ಮುದುಕನನ್ನು ಎಲ್ಲರೂ ಕರೆಯುವುದು 'ಕುರ್ಚಿ ತಾತ' ಎಂದೇ. ಸಭೆ ಹತ್ತಕ್ಕಾದರೆ ತಾತ ಆರಕ್ಕೇ ಹಾಜರು. ಕೊರಳಲ್ಲಿ ಟೇಪು, ಕಿವಿಯ ಸಂದಿಯಲ್ಲಿ ಪೆನ್ಸಿಲು. ಮೊದಲು ಮೂಲೆಯಲ್ಲಿರುವ, ಯಾರೂ ಕೂರದ ಹಳೆಯ ಕುರ್ಚಿಯೊಂದನ್ನು ಒರೆಸಿ ಅಳೆಯುತ್ತಾನೆ. ಆಮೇಲೆ ಮೇಜಿನ ಸುತ್ತಲಿನ ಒಂದೊಂದನ್ನೂ ಅಳೆಯುತ್ತಾನೆ. ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ನೆಲಕ್ಕೆ ಕೂತು ಅರದಿಂದ ಕುರ್ಚಿಯ ಕಾಲು ಉಜ್ಜತೊಡಗುತ್ತಾನೆ. ಒಮ್ಮೆ ಯಾವುದೋ ದೇಶದ ಪ್ರಧಾನಿಯನ್ನೇ, "ಸ್ವಲ್ಪ ಏಳಿ ಸ್ವಾಮಿ, ನೀವು ಕಾಲಿಂಚು ಮೇಲಿದ್ದೀರಿ" ಎಂದು ಎಬ್ಬಿಸಿದ್ದನಂತೆ. ಹೊಸದಾಗಿ ಬಂದ ಅಧಿಕಾರಿಣಿಗೆ ಮೊದಮೊದಲು ಇದನ್ನೆಲ್ಲ ನೋಡಿ ನಗು ಬರುತ್ತಿತ್ತು. ಒಂದು ಬೆಳಿಗ್ಗೆ ತಡೆಯಲಾರದೆ ಕೇಳಿಯೇಬಿಟ್ಟಳು: "ಯುದ್ಧದಲ್ಲಿ ಗೆದ್ದೋರಿಗೂ ಸೋತೋರಿಗೂ ಒಂದೇ ಎತ್ತರ ಯಾಕೆ ತಾತ?" ಅವನು ಉಜ್ಜುವುದನ್ನು ನಿಲ್ಲಿಸಲಿಲ್ಲ. "ಅಮ್ಮಾ, ಹಿಂದೆ ದೊಡ್ಡ ಯುದ್ಧ ಮುಗಿದಾಗ ಇಲ್ಲಿ ಕುರ್ಚಿ ಹಾಕ್ತಿದ್ದೋರು ನಮ್ಮಪ್ಪ. ಸೋತೋರು ನಿಂತ್ಕೊಂಡೇ ಸಹಿ ಹಾಕ್ಲಿ, ಅವರ ಕುರ್ಚಿ ತೆಗಿ ಅಂದ್ರು ಮೇಲಿನೋರು. ಅಪ್ಪ ತೆಗೆದ್ರು. ಆ ನಿಂತಿದ್ದೋರ ಮಕ್ಕಳು ಇಪ್ಪತ್ತೇ ವರ್ಷಕ್ಕೆ ಬಂದೂಕು ಹಿಡ್ಕೊಂಡು ಬಂದ್ರು. ಅವರನ್ನ ತಡೆಯೋಕೆ ಹೋದ ನಮ್ಮಣ್ಣ ವಾಪಸ್ ಬರ್ಲಿಲ್ಲ." ಅವಳ ಕಣ್ಣು ತಾನಾಗಿಯೇ ಮೂಲೆಗೆ ಹೋಯಿತು. "ಹೂಂ, ಅವತ್ತು ತೆಗೆದಿದ್ದು ಅದನ್ನೇ" ಎಂದ ತಾತ, ಮಂಡಿ ಹಿಡಿದುಕೊಂಡು ಎದ್ದು, ಮೂವತ್ತು ದೇಶಗಳ ಕುರ್ಚಿಗಳನ್ನು ಅದರ ಅಳತೆಗೆ ತರತೊಡಗಿದ.