ಮುರುಗೇಶಪ್ಪನವರ ಹರಿದ ಕಥೆಗಳು

ನ್ಯಾಮತಿಯ ಜವಳಿ ಅಂಗಡಿ ಮುರುಗೇಶಪ್ಪನವರನ್ನು ಚನ್ನಗಿರಿಯ ಕಡೆ ಈಗಲೂ ದೊಡ್ಡ ಕಥೆಗಾರರು ಎನ್ನುತ್ತಾರೆ. ಯಾವ ಕಥೆ ಬರೆದರು ಎಂದು ಕೇಳಿ ನೋಡಿ, ಒಬ್ಬರಿಗೂ ಗೊತ್ತಿಲ್ಲ. ನನಗೆ ಗೊತ್ತು. ಆದ್ದರಿಂದ ಆ ಮನುಷ್ಯನ ವಿಷಯ ನಾನು ಹೇಳುವುದೇ ಸರಿ.

ನಾನು ಹೊನ್ನಾಳಿಯ ತಾಲ್ಲೂಕು ಕಚೇರಿಯ ಮುಂದೆ ಕೂತು ಅರ್ಜಿ ಬರೆದುಕೊಡುತ್ತಿದ್ದವನು. ಜನ ಹೇಳಿದ್ದನ್ನೆಲ್ಲ ಬರೆದು ಬರೆದು, ಯಾರ ಮಾತನ್ನೂ ಒಂದೇ ಸಲಕ್ಕೆ ನಂಬದ ಬುದ್ಧಿ ಬಂದುಬಿಟ್ಟಿತು. ಸಾರಿಗೆ ಉಪ್ಪು ಹಾಕಿದ್ದೇನೆ ಎಂದು ಮನೆಯವಳು ಹೇಳಿದರೂ ನಾಲಿಗೆಗೆ ಹಚ್ಚಿ ನೋಡಿಯೇ ಕಲಸಿಕೊಳ್ಳುವವನು ನಾನು. ಯುದ್ಧದ ಕಾಲದಲ್ಲಿ ಕಾಗದ ಸಿಗದೆ ಅಚ್ಚಿನ ಪತ್ರಿಕೆಗಳೇ ಸೊರಗಿದ್ದಾಗ ನಾವು ಕೆಲವರು ಸೇರಿ ‘ಹೊಳೆದಂಡೆ’ ಎಂಬ ಕೈಬರಹದ ಮಾಸಪತ್ರಿಕೆ ಶುರುಮಾಡಿದೆವು. ತಿಂಗಳಿಗೆ ಒಂದೇ ಪ್ರತಿ. ಬಂದ ಪದ್ಯ, ಕಥೆಗಳನ್ನು ನಾನೇ ನಕಲು ಮಾಡಿ, ಹಾಳೆ ಹೊಲಿದು, ರಟ್ಟು ಹಾಕುತ್ತಿದ್ದೆ. ಆ ಪ್ರತಿ, ಪೆಟ್ರೋಲು ಸಿಗದೆ ಇದ್ದಿಲಿನಿಂದ ಓಡುತ್ತಿದ್ದ ಬಸ್ಸು ಹತ್ತಿ ಮೊದಲು ನ್ಯಾಮತಿಗೆ, ಅಲ್ಲಿಂದ ಚನ್ನಗಿರಿಗೆ, ಆಮೇಲೆ ಜಗಳೂರಿಗೆ ಹೋಗಿ ವಾಪಸು ಬರುತ್ತಿತ್ತು. ಊಟದ ಪಂಕ್ತಿಯಲ್ಲಿ ಮನೆಯವರು ಕೊನೆಗೆ ಕೂರುವ ಹಾಗೆ, ಹೊನ್ನಾಳಿಯವರು ಕೊನೆಗೆ ಓದಬೇಕೆಂಬುದು ನಮ್ಮ ಕಟ್ಟಳೆ. ಹಿಂದೆ ನಾಲ್ಕಾರು ಖಾಲಿ ಹಾಳೆ ಬಿಟ್ಟು ‘ಓದಿದವರ ಮಾತು’ ಎಂದು ತಲೆಬರಹ ಕೊಡುತ್ತಿದ್ದೆ. ಓದಿದವರು ಮನಸ್ಸಿಗೆ ಬಂದದ್ದನ್ನು ಅಲ್ಲಿ ಬರೆಯಬಹುದಿತ್ತು.

ನ್ಯಾಮತಿಯಲ್ಲಿ ನಮಗೆ ಬರೆಯುವವರು ಇಬ್ಬರು. ಒಬ್ಬರು ಪದ್ಯ ಬರೆಯುವ ಧರ್ಮಪ್ಪ ಮೇಷ್ಟ್ರು, ಇನ್ನೊಬ್ಬರು ಮುರುಗೇಶಪ್ಪನವರು. ಮೇಷ್ಟ್ರ ಪದ್ಯಕ್ಕೆ ಮೂರೂ ಊರಿನವರು ಭೇಷ್ ಎಂದು ಬರೆಯುತ್ತಿದ್ದರು. ಮುರುಗೇಶಪ್ಪನವರ ಕಥೆಯ ವಿಷಯ ಯಾರೂ ಒಂದಕ್ಷರ ಬರೆಯುತ್ತಿರಲಿಲ್ಲ. ಒಂದು ಸಲ ಮೇಷ್ಟ್ರೇ ‘ಉಪ್ಪಿಲ್ಲದ ಗಂಜಿ’ ಎಂದು ಬರೆದರು. ಅದಷ್ಟೇ.

ಹೀಗಿರುವಾಗ ಒಂದು ಸಂಚಿಕೆ ಮುರುಗೇಶಪ್ಪನವರ ಕಥೆಯ ಹಾಳೆಗಳಿಲ್ಲದೆ ವಾಪಸು ಬಂತು. ಯಾರೋ ಹೊಲಿಗೆಯ ಬುಡದಲ್ಲಿ ಹರಿದು ತೆಗೆದಿದ್ದರು. ಮುಂದಿನ ಸಂಚಿಕೆಯಲ್ಲೂ ಹಾಗೇ ಆಯಿತು. ನಾನು ಮೊದಲು ಬಸ್ಸಿನ ಕಂಡಕ್ಟರನ ಮೇಲೆ ಗುಮಾನಿ ಪಟ್ಟೆ, ಬೀಡಿ ಸೇದುವವನು, ಬೆಂಕಿ ಹೊತ್ತಿಸಲು ಕಾಗದ ಬೇಕಾಗಿರಬಹುದು ಎಂದು. ಆದರೆ ಅವನಿಗೆ ಪ್ರತಿ ಸಲವೂ ಅದೇ ಕಥೆ ಹುಡುಕಿ ಹರಿಯುವ ದರ್ದು ಏನಿತ್ತು? ಹಾಳೆಗಳು ಚನ್ನಗಿರಿಗೆ ತಲುಪುವ ಮೊದಲೇ ಮಾಯವಾಗಿದ್ದವು. ನ್ಯಾಮತಿಯಲ್ಲಿ ಪ್ರತಿ ಮೊದಲು ಹೋಗುತ್ತಿದ್ದುದು ಧರ್ಮಪ್ಪ ಮೇಷ್ಟ್ರ ಮನೆಗೆ. ತಮ್ಮ ಕೈಗೆ ಬರುವ ಹೊತ್ತಿಗೆ ಕಥೆ ಇರಲೇ ಇಲ್ಲ ಎಂದು ಮುರುಗೇಶಪ್ಪನವರು ಹೇಳಿದರು. ತಾವು ಕೊಟ್ಟಾಗ ನೆಟ್ಟಗಿತ್ತು ಎಂದು ಮೇಷ್ಟ್ರು ಹೇಳಿದರು. ಉಪ್ಪಿಲ್ಲದ ಗಂಜಿ ಎಂದವರ ಮಾತನ್ನು ಯಾರು ಕೇಳುತ್ತಾರೆ?

ಅಲ್ಲಿಂದ ‘ಓದಿದವರ ಮಾತು’ ತುಂಬಿ ತುಳುಕತೊಡಗಿತು. ಮುರುಗೇಶಪ್ಪನವರು ಯಾರ ಬಣ್ಣ ಬಯಲು ಮಾಡಿದ್ದರು, ಯಾರಿಗೆ ಚುರುಕು ಮುಟ್ಟಿತು ಎಂದು ಚನ್ನಗಿರಿಯ ಅಡಿಕೆ ವ್ಯಾಪಾರಿ ನಾಗರಾಜಪ್ಪ ಪುಟಗಟ್ಟಲೆ ಬರೆದರು. ಚಳವಳಿಯ ವರ್ಷಗಳು ಬೇರೆ. ಕಥೆಯಲ್ಲಿ ಸರ್ಕಾರದ ವಿರುದ್ಧ ಏನೋ ಇತ್ತಂತೆ, ಮೇಷ್ಟ್ರು ಪೊಲೀಸರ ಮನುಷ್ಯನಂತೆ ಎಂಬ ಪಿಸುಮಾತು ಹುಟ್ಟಿತು. ನ್ಯಾಮತಿಯಲ್ಲಿ ಮುರುಗೇಶಪ್ಪನವರು ಎದುರಾದರೆ ಜನ ಎದ್ದು ನಿಲ್ಲುತ್ತಿದ್ದರು. ಮೇಷ್ಟ್ರು ಬಂದರೆ ಮಾತು ನಿಲ್ಲಿಸುತ್ತಿದ್ದರು. ಮೇಷ್ಟ್ರು ಪದ್ಯ ಕಳಿಸುವುದನ್ನು ಬಿಟ್ಟರು, ಪತ್ರಿಕೆಯನ್ನು ಮನೆಗೆ ತರಿಸಿಕೊಳ್ಳುವುದನ್ನೂ ಬಿಟ್ಟರು. ಕೊನೆಗೆ ಸವಳಂಗಕ್ಕೆ ವರ್ಗ ಮಾಡಿಸಿಕೊಂಡು ಹೊರಟೇಹೋದರು.

ನಕಲು ಮಾಡಿದವನಾದ ನನಗೆ ಮಾತ್ರ ತಲೆ ಕೆಡುತ್ತಿತ್ತು. ಆ ಕಥೆಗಳಲ್ಲಿ ಇದ್ದದ್ದೇನು? ಒಂದರಲ್ಲಿ ಉಪ್ಪಿನಕಾಯಿ ಭರಣಿಗಾಗಿ ಓರಗಿತ್ತಿಯರ ಜಗಳ, ಇನ್ನೊಂದರಲ್ಲಿ ಕಳೆದುಹೋಗಿ ತಾನೇ ಮನೆಗೆ ಬಂದ ಎಮ್ಮೆ. ಅಷ್ಟಕ್ಕೆ ಪೊಲೀಸರು ಯಾಕೆ ಬರುತ್ತಾರೆ? ಮುರುಗೇಶಪ್ಪನವರು ಕಳಿಸಿದ ಮೂಲ ಪ್ರತಿಗಳು ನನ್ನ ಪೆಟ್ಟಿಗೆಯಲ್ಲೇ ಇದ್ದವು. ಮತ್ತೊಮ್ಮೆ ನಕಲು ಮಾಡಿ ಹಾಕೋಣ ಎಂದು ಹೇಳಲು ನ್ಯಾಮತಿಗೆ ಹೋದೆ. ಬೇಡವೇ ಬೇಡ ಎಂದುಬಿಟ್ಟರು. ಕಳೆದುಹೋದ ಕಥೆ ಮತ್ತೆ ಬರುವುದು ಬೇಡ ಎನ್ನುವ ಕಥೆಗಾರನನ್ನು ನಾನು ಅವತ್ತೇ ನೋಡಿದ್ದು.

ಅಷ್ಟರಲ್ಲಿ ಯಾರೋ ಹೆಂಗಸು ಕುಪ್ಪಸದ ಬಟ್ಟೆ ಕೇಳಿಕೊಂಡು ಅಂಗಡಿಗೆ ಬಂದಳು. ಮುರುಗೇಶಪ್ಪನವರು ಬಟ್ಟೆ ಅಳೆದು, ಅಂಚಿಗೆ ಕತ್ತರಿಯಿಂದ ಚಿಕ್ಕದೊಂದು ಕಚ್ಚು ಹಾಕಿ, ಎರಡೂ ಕೈಯಲ್ಲಿ ಹಿಡಿದು ಪರ್ರನೆ ನೇರವಾಗಿ ಹರಿದರು. ನಮ್ಮ ಪತ್ರಿಕೆಯಲ್ಲಿ ಉಳಿದಿದ್ದ ಬುಡಗಳು ಕಣ್ಣಿಗೆ ಕಟ್ಟಿದವು. ಅಲ್ಲೂ ಮೇಲ್ಗಡೆ ಒಂದು ಚಿಕ್ಕ ಕಚ್ಚು, ಕೆಳಗೆ ನೆಟ್ಟಗೆ ಹರಿದ ಗೆರೆ. ಮೈಯೆಲ್ಲ ಉರಿದುಹೋಯಿತು. ಆದರೂ ಬಾಯಿ ಬಿಡಲಿಲ್ಲ. ಪುರಾವೆ ಇಲ್ಲದ ಅರ್ಜಿ ನಿಲ್ಲುವುದಿಲ್ಲ ಎಂದು ನನಗೆ ಗೊತ್ತಿಲ್ಲವೇ?

ಮುಂದಿನ ಸಂಚಿಕೆಗೆ ಅವರಿಂದ ಬಂದ ಕಥೆ ನಕಲು ಮಾಡುತ್ತಾ ಮಾಡುತ್ತಾ ನನ್ನ ಕೈ ನಿಂತಿತು. ಕೂಡಿದ್ದ ಮನೆ ಪಾಲಾದ ಮೇಲೆ ಕಿರಿಸೊಸೆ ದಿನಾ ಸಂಜೆ ಅಭ್ಯಾಸಬಲದಿಂದ ಎಲ್ಲರಿಗೂ ಆಗುವಷ್ಟು ಹಿಟ್ಟು ಅಳೆದು, ನೆನಪಾಗಿ ಅರ್ಧವನ್ನು ವಾಪಸು ಡಬ್ಬಿಗೆ ಸುರಿಯುತ್ತಾಳೆ. ಕಥೆ ಅಷ್ಟೇ. ಇಂಥದ್ದನ್ನು ಬರೆಯಬಲ್ಲವರು ಹರಿಯುವುದು ಯಾಕೆ ಎಂದು ಸಿಟ್ಟು ಇನ್ನಷ್ಟು ಏರಿತು. ಆ ತಿಂಗಳು ಯಾರಿಗೂ ಹೇಳದೆ ಪ್ರತಿಯನ್ನು ಮೊದಲು ಜಗಳೂರಿಗೆ, ಅಲ್ಲಿನ ನಮ್ಮ ಓದುಗರಾದ ಅನ್ನಪೂರ್ಣಮ್ಮನವರಿಗೆ ಕಳಿಸಿದೆ. ಓದಿ ನೇರ ಮುರುಗೇಶಪ್ಪನವರಿಗೆ ತಲುಪಿಸಿ ಎಂದು ಚೀಟಿ ಇಟ್ಟೆ.

ಚನ್ನಗಿರಿಗೆ ಹೋಗಬಿಡದೆ ಪ್ರತಿಯನ್ನು ನ್ಯಾಮತಿಯಿಂದಲೇ ತರಿಸಿಕೊಂಡು ನೋಡಿದರೆ ಕಥೆ ಇರಲಿಲ್ಲ. ಹಿಂದಿನ ಹಾಳೆಯಲ್ಲಿ ಅನ್ನಪೂರ್ಣಮ್ಮನವರ ಒಂದು ಸಾಲು ಇತ್ತು. ‘ಮುರುಗೇಶಪ್ಪನವರ ಕಥೆಯ ಬಗ್ಗೆ ನನ್ನ ಮಾತನ್ನು ಕಥೆಯ ಕೆಳಗೇ ಬರೆದಿದ್ದೇನೆ.’

ಅದನ್ನು ಹಿಡಿದುಕೊಂಡು ನ್ಯಾಮತಿಯ ಬಸ್ಸು ಹತ್ತಿದೆ. ಅಂಗಡಿಯಲ್ಲಿ ಯಾರೂ ಇರಲಿಲ್ಲ. ಪ್ರತಿಯನ್ನು ಮುಂದಿಟ್ಟೆ. ಮೇಷ್ಟ್ರು ಈಗ ಊರಲ್ಲೇ ಇಲ್ಲ, ಜಗಳೂರಿನವರು ಕಥೆ ಪೂರ್ತಿ ಓದಿ ನೇರ ನಿಮಗೇ ಕಳಿಸಿದ್ದಾರೆ ಎಂದೆ. ಮುರುಗೇಶಪ್ಪನವರ ಮುಖ ಸುಣ್ಣದಂತಾಯಿತು. ಇಲ್ಲ ಎನ್ನುತ್ತಾರೆಂದು ಕಾದೆ. ಅವರು ಕೇಳಿದ್ದೇ ಬೇರೆ.

“ಓದಿದ್ರಾ? ಏನಂದ್ರು?”

“ಕಥೆ ಕೆಳಗೇ ಬರ್ದಾರೆ. ನಿಮ್ಮತ್ರಾನೇ ಐತಲ್ಲ, ನೋಡಿಲ್ಲೇನ್ರಿ?” ಎಂದೆ.

ನೋಡಿರಲಿಲ್ಲ. ಹರಿದು, ಮಡಿಸಿ, ಧೋತರಗಳ ಅಡಿಗೆ ತಳ್ಳಿಬಿಟ್ಟಿದ್ದರು. ತೆಗೆದು ಬಿಚ್ಚಿದರು. ನನ್ನ ಅಕ್ಷರದ ಕೆಳಗೆ ದುಂಡನೆಯ ಅಕ್ಷರದಲ್ಲಿ ಹೀಗಿತ್ತು: ‘ಹಿಟ್ಟು ಅಳೆಯುವ ಈ ಕೈ ನನ್ನದೇ. ನಮ್ಮ ಮನೆ ಪಾಲಾದದ್ದು ಇವರಿಗೆ ಯಾರು ಹೇಳಿದರು? ನಾನಂತೂ ಯಾರ ಹತ್ತಿರವೂ ಬಾಯಿ ಬಿಟ್ಟಿಲ್ಲ. ಓದಿ ಅತ್ತುಬಿಟ್ಟೆ.’

ಮುರುಗೇಶಪ್ಪನವರು ಅದನ್ನು ಓದಿ, ಮತ್ತೆ ಓದಿ, ಧೋತರದ ಗಂಟಿನ ಮೇಲೆ ಕೂತುಬಿಟ್ಟರು. “ಬೈದಿದ್ರೂ ಸಾಕಿತ್ತು. ಮೇಷ್ಟ್ರು ಒಂದ್ಸಲ ಅಂದಿದ್ ಬಿಟ್ರೆ ಯಾರೂ ಬೈಲೂ ಇಲ್ಲ. ಹರಿದ್ ಮ್ಯಾಲೆ ಎಲ್ರೂ ಮಾತಾಡಿದ್ರು ನೋಡ್ರಿ” ಎಂದರು. ಕರುಣೆ ಬಂತು, ಆದರೆ ಮೇಷ್ಟ್ರ ಹೆಸರು ಕೆಟ್ಟದ್ದಕ್ಕೆ ಏನು ಮಾಡುತ್ತೀರಿ ಎಂದು ಕೇಳದೆ ಬಿಡಲಿಲ್ಲ. ಅವರು ಅಲ್ಲೇ ಲೇಖನಿ ಎತ್ತಿಕೊಂಡು ‘ಓದಿದವರ ಮಾತು’ ಹಾಳೆಯಲ್ಲಿ ಬರೆದರು: ‘ಹರಿದವನು ನಾನೇ. ಧರ್ಮಪ್ಪ ಮೇಷ್ಟ್ರು ನಿರಪರಾಧಿ.’ ಕೆಳಗೆ ರುಜು ಹಾಕಿದರು.

ಪ್ರತಿಯನ್ನು ಚನ್ನಗಿರಿಗೆ ಕಳಿಸಿ, ಇನ್ನು ಮುಗಿಯಿತು ಎಂದುಕೊಂಡೆ. ವಾಪಸು ಬಂದಾಗ ಅದರ ಕೆಳಗೆ ನಾಗರಾಜಪ್ಪ ಬರೆದಿದ್ದರು: ‘ತಮ್ಮ ಕಥೆ ಹರಿದವನ ತಪ್ಪನ್ನೂ ತಮ್ಮ ತಲೆಯ ಮೇಲೆ ಹೊತ್ತುಕೊಂಡ ದೊಡ್ಡ ಮನಸ್ಸು.’ ಅದಕ್ಕೆ ಇನ್ನೂ ಕೆಲವರು ರುಜು ಹಾಕಿದ್ದರು. ಹಾಗೆ ಬರೆಯುವಂತೆ ಮೇಷ್ಟ್ರೇ ಹೆದರಿಸಿರಬೇಕು ಎಂದೂ ಒಬ್ಬರು ಸೇರಿಸಿದ್ದರು.

ಮುರುಗೇಶಪ್ಪನವರು ಬಿಡಲಿಲ್ಲ. ಹರಿದ ಹಾಳೆಗಳನ್ನೆಲ್ಲ ಗಂಜಿ ಹಚ್ಚಿ ಆಯಾ ಸಂಚಿಕೆಯ ಬುಡಕ್ಕೆ ಅಂಟಿಸಿ, ನನ್ನನ್ನೂ ಕರೆದುಕೊಂಡು ಚನ್ನಗಿರಿಗೆ ಬಂದರು. ನಾಗರಾಜಪ್ಪ ಭರಣಿಯ ಕಥೆ ಓದಿದರು, ಎಮ್ಮೆಯ ಕಥೆ ಓದಿದರು. ಹಾಳೆ ಎತ್ತಿ ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ನಮ್ಮಿಬ್ಬರ ಮುಖ ನೋಡಿ ತಗ್ಗಿದ ದನಿಯಲ್ಲಿ ಹೇಳಿದರು: “ಇದು ಆ ಕಥೆ ಅಲ್ಲ ಬಿಡ್ರಿ. ಅಸಲು ಬೇರೆ ಐತೆ. ಹೇಳಾಕೆ ನಿಮಗೆ ಭಯ, ನಾವೂ ಕೇಳಂಗಿಲ್ಲ.” ನಕಲು ಮಾಡಿದವನು ನಾನೇ, ಇದೇ ಅಸಲು ಎಂದು ಆಣೆ ಇಟ್ಟೆ. ಅವರು ನನ್ನನ್ನು ನೋಡಿದ್ದು, ನಾನು ಕಂಡಕ್ಟರನನ್ನು ನೋಡುತ್ತಿದ್ದ ಹಾಗೆ.

ಉಳಿದದ್ದು ಸವಳಂಗ. ಶಾಲೆ ಬಿಡುವ ಹೊತ್ತು. ಧರ್ಮಪ್ಪ ಮೇಷ್ಟ್ರು ನಮ್ಮನ್ನು ಜಗಲಿಯ ಮೇಲೆ ಕೂರಿಸಿ ನೀರು ಕೊಟ್ಟರು. ಮುರುಗೇಶಪ್ಪನವರು ಏನನ್ನೂ ಮುಚ್ಚಿಡದೆ ಎಲ್ಲ ಹೇಳಿ, ಹಿಟ್ಟಿನ ಕಥೆಯ ಸಂಚಿಕೆಯನ್ನು ಮುಂದಿಟ್ಟರು. ಮೇಷ್ಟ್ರು ಕನ್ನಡಕ ಹಾಕಿಕೊಂಡು ನಿಧಾನವಾಗಿ ಕೊನೆಯವರೆಗೂ ಓದಿದರು. ಕೆಳಗಿನ ದುಂಡನೆಯ ಅಕ್ಷರವನ್ನೂ ಓದಿದರು.

“ಕಥೆ ಚೆನ್ನಾಗೈತೆ” ಎಂದರು. ಸಂಚಿಕೆಯನ್ನು ಮುಚ್ಚಿ ವಾಪಸು ಕೊಟ್ಟು, “ನೀವು ಹೇಳಿದ್ದೂ ನಂಬ್ತೀನಿ. ನಾನೊಬ್ಬ ನಂಬಿ ಏನ್ ಬಂತು ಮುರುಗೇಶಪ್ನೋರೆ?” ಎಂದರು.

ಮುರುಗೇಶಪ್ಪನವರು ಆಮೇಲೆ ಒಂದು ಕಥೆಯನ್ನೂ ಬರೆಯಲಿಲ್ಲ. ಬರೆಯದಂತೆ ಅವರ ಬಾಯಿ ಕಟ್ಟಿಸಿದವರು ಮೇಷ್ಟ್ರೇ ಎಂದು ಚನ್ನಗಿರಿಯಲ್ಲಿ ಈಗಲೂ ಹೇಳುತ್ತಾರೆ.