ಬೋಣಿಗೆ ಮುಂಚಿನ ಫೋಟೋ

ಕಣ್ಣು ಮುಚ್ಚಿದರೆ ಈಗಲೂ ಆ ಯುವಕನ ಹಿಮ್ಮಡಿಯೇ ಕಾಣುತ್ತದೆ. ಕಾರವಾರದ ಬೈತಖೋಲ ಬಂದರಿನಲ್ಲಿ, ಬೋಟು ಕಟ್ಟುವ ಧಕ್ಕೆಯ ಅಂಚು ದಾಟಿ ಅದು ಅರ್ಧ ಹೊರಗಿತ್ತು. ಕೆಳಗೆ ಎಣ್ಣೆ ತೇಲುವ ನೀರು. ಪಕ್ಕದಲ್ಲೇ ಕಟ್ಟಿದ್ದ ಮೀನಿನ ಟ್ರಾಲರ್ ಅಲೆಗೆ ದೂರ ಸರಿದು ಮತ್ತೆ ಧಕ್ಕೆಗೆ ಬಂದು ಬಡಿಯುತ್ತಿತ್ತು. ನಡುವೆ ಬಿದ್ದವರು ಉಳಿಯುವುದಿಲ್ಲ.

ನಾನು ಅಂಕೋಲೆಯಲ್ಲಿ ಟೀಚರು. ರಜೆಯ ದಿನ ಫೋಟೋ ತೆಗೆಯಲು ಕಾರವಾರಕ್ಕೆ ಬರುತ್ತೇನೆ. ಧಕ್ಕೆಯವರಿಗೆಲ್ಲ ನಾನು ‘ಅಕ್ಕೋರು’. ಕ್ಯಾಮೆರಾವನ್ನು ಅಡಗಿಸುವುದಿಲ್ಲ. ಎಲ್ಲರಿಗೂ ಕಾಣುವಂತೆ ಹಿಡಿದು, ನಾಲ್ಕು ಮಾತಾಡಿ, ಮೀನಿನವರ ಬೋಣಿ ಆಗುವವರೆಗೆ ಕಾಯುತ್ತೇನೆ. ದಿನದ ಮೊದಲ ವ್ಯಾಪಾರಕ್ಕೆ ಮುಂಚೆ ಬುಟ್ಟಿಯ ಫೋಟೋ ತೆಗೆದರೆ ದೃಷ್ಟಿ ತಾಗುತ್ತದೆ ಎನ್ನುವವರು ಇಲ್ಲಿದ್ದಾರೆ.

ಊರಿಗೆ ಹೊಸಬನಾದ ಆ ಯುವಕ ಮಂಜುಗಡ್ಡೆಯ ಲಾರಿಯ ಮರೆಯಲ್ಲಿ ನಿಂತು, ಉದ್ದದ ಲೆನ್ಸಿನಲ್ಲಿ ಮೀನು ಮಾರುವ ಒಬ್ಬಾಕೆಯನ್ನು ತೆಗೆಯುತ್ತಿದ್ದ. ಆಕೆ ಬುಟ್ಟಿಯ ಮೇಲೆ ಸೆರಗೆಳೆದು, “ಬೋಣಿ ಆಗ್ಲಿಲ್ಲ ತಮಾ, ಬೇಡ” ಅಂದಳು. ಅವನು ನಕ್ಕು, ಇನ್ನೂ ಹತ್ತಿರ ಬಂದು ಮತ್ತೆ ಕ್ಲಿಕ್ಕಿಸಿದ.

ಆ ಟ್ರಾಲರಿನಲ್ಲಿದ್ದ ಆಕೆಯ ಮೈದುನ ಧಕ್ಕೆಗೆ ಹಾರಿ ಬಂದು ಕ್ಯಾಮೆರಾಕ್ಕೆ ಕೈ ಹಾಕಿದ.

“ಕದ್ದು ಕದ್ದು ಎಂತಾ ತೆಗೀತಿ? ಸಮುದ್ರಕ್ಕೆ ಒಗೀತೆ ನೋಡು.”

ಕ್ಯಾಮೆರಾದ ಪಟ್ಟಿ ಯುವಕನ ಕುತ್ತಿಗೆಯಲ್ಲಿತ್ತು. ಮೈದುನ ಎಳೆದಷ್ಟೂ ಯುವಕ ಬಿಡಿಸಿಕೊಳ್ಳಲು ಹಿಂದೆ ಹಿಂದೆ ಸರಿದ. “ಕ್ಯಾಮೆರಾನೋ ತೋಪೋ ಇದು,” ಎಂದು ಉದ್ದದ ಲೆನ್ಸು ನೋಡಿ ಯಾರೋ ನಕ್ಕರು. ಅವನ ಹಿಮ್ಮಡಿಯನ್ನು ಯಾರೂ ನೋಡಿರಲಿಲ್ಲ.

ನಾನು ನೋಡಿದೆ. ಕೂಗಿದರೆ ಬೆಚ್ಚಿ ಇನ್ನೊಂದು ಹೆಜ್ಜೆ ಇಡುತ್ತಾನೆ. ನನ್ನ ಕ್ಯಾಮೆರಾವನ್ನು ಆಕೆಯ ಬುಟ್ಟಿಯ ಪಕ್ಕ ಇಟ್ಟು, ಬರಿಗೈಯಲ್ಲಿ ನಿಧಾನ ನಡೆದು ಹೋದೆ.

“ಹಿಂದೆ ನೀರಿದೆ. ಅಲುಗಬೇಡ.”

ಅದನ್ನು ಕೇಳಿ ಆಕೆಯೂ ಎದ್ದು ನಿಂತಳು. “ಬಿಡಾ ಅವ್ನ. ಬೋಣಿ ಹೊತ್ತಿಗೆ ಹೆಣ ನೋಡ್ಬೇಕಾ ನಾನು?”

ಮೈದುನ ತಟ್ಟನೆ ಪಟ್ಟಿ ಬಿಟ್ಟ. ಅಷ್ಟು ಹೊತ್ತು ಯುವಕನನ್ನು ಬೀಳದಂತೆ ನಿಲ್ಲಿಸಿದ್ದು ಆ ಪಟ್ಟಿಯೇ. ಯುವಕ ಹಿಂದಕ್ಕೆ ವಾಲಿದ. ತೋಳು ನನ್ನ ಕೈಗೆ ಸಿಕ್ಕಿತು, ಅಂಗಿ ಮೈದುನನ ಕೈಗೆ. ಇಬ್ಬರೂ ಜಗ್ಗಿದೆವು. ಮೂವರೂ ಧಕ್ಕೆಯ ಮೇಲೆ ಹರಿದಿದ್ದ ಮೀನಿನ ನೀರಿನಲ್ಲಿ ಬಿದ್ದೆವು. ಟ್ರಾಲರ್ ಬಂದು ಧಕ್ಕೆಗೆ ಬಡಿಯಿತು.

ಒಬ್ಬರನ್ನೊಬ್ಬರು ಹಿಡಿದು ಎದ್ದೆವು. ಆಮೇಲೆ ಆಕೆ ಯುವಕನಿಗೆ, “ಈಗ ನೀನೇ ಬೋಣಿ ಮಾಡು,” ಅಂದಳು.

“ನಾನು ಮೀನು ತಿನ್ನಲ್ಲ.”

“ಫೋಟೋ ಅಷ್ಟೇ ತಿಂತಾ ಅಂವ, ವೈನಿ,” ಎಂದ ಮೈದುನ ಅತ್ತಿಗೆಗೆ.

ಆದರೂ ಯುವಕ ಬಂಗಡೆ ಮೀನು ಕೊಂಡ; ಬೋಣಿ ಆಯಿತು. ಆಕೆ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕುಳಿತಳು. “ಹ್ಞಾಂ, ಈಗ ತೆಗಿ.” ಅವನಿಗೆ ಕ್ಯಾಮೆರಾ ಎತ್ತಲಾಗಲಿಲ್ಲ. “ಹಂಗಾರೆ ನೀವೇ ತೆಗೀರಿ ಅಕ್ಕೋರೆ,” ಅಂದಳು ಆಕೆ.

ತೆಗೆದೆ. ಮನೆಗೆ ಬಂದು ನೋಡಿದರೆ ಚಿತ್ರವೆಲ್ಲ ಅಲುಗಿತ್ತು. ಮುಂದಿನ ರಜೆಯಲ್ಲಿ ಅದನ್ನೇ ಪ್ರಿಂಟ್ ಹಾಕಿಸಿ ಆಕೆಗೆ ಕೊಟ್ಟು, ಕೈ ನಡುಗಿತ್ತು ಎಂದೆ.

ಆಕೆ ಬಹಳ ಹೊತ್ತು ನೋಡಿದಳು. “ಇರ್ಲಿ. ನಂಗೂ ಆವತ್ತು ಎಲ್ಲಾ ಹಿಂಗೇ ಕಂಡದ್ದು.”